ಮೋಡದ ಕಂಬಳಿಯೂ ಮಂಕಿ ಟೋಪಿಯೂ

ಮನುಷ್ಯರ ಚರಿತ್ರೆಯಲ್ಲಿ ಕಿವಿ ಮುಚ್ಚಿಕೊಳ್ಳುವುದಕ್ಕೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ. ರಾಜ್ಯಗಳು ಉರುಳಿದ್ದರ ಹಿಂದೆಯೂ ಮದುವೆಗಳು ಉಳಿದಿದ್ದರ ಹಿಂದೆಯೂ ಮುಚ್ಚಿದ ಒಂದು ಜೋಡಿ ಕಿವಿ ಇರುತ್ತದೆ. ಆ ಕೆಲಸಕ್ಕೆಂದೇ ಹುಟ್ಟಿದವನು ನಾನು. ನಾನು ಒಂದು ಮಂಕಿ ಟೋಪಿ. ಬಣ್ಣ ಕಂದು, ಉಣ್ಣೆ ಅರ್ಧ. ಉಳಿದರ್ಧ ಏನೆಂದು ನನ್ನನ್ನು ಹೆಣೆದ ಯಂತ್ರವೂ ಹೇಳಲಿಲ್ಲ.

ಲುಧಿಯಾನದ ಕಾರ್ಖಾನೆಯಲ್ಲಿ ಹುಟ್ಟಿ, ಚಳಿಗಾಲಕ್ಕೆ ಹುಬ್ಬಳ್ಳಿಯಲ್ಲಿ ಸ್ವೆಟರ್ ಅಂಗಡಿ ಹಾಕುವ ಮುಂಡಗೋಡದ ಟಿಬೆಟನ್ ಹೆಂಗಸಿನ ಕೈಯಿಂದ ಶಿವಪುತ್ರಪ್ಪನವರ ತಲೆಗೆ ಬಂದೆ. ಅವರು ಹದಿನೆಂಟು ಡಿಗ್ರಿಗೇ ಯುದ್ಧಕ್ಕೆ ಹೊರಟವರಂತೆ ನನ್ನನ್ನು ಏರಿಸಿಕೊಂಡು ವಾಕಿಂಗ್ ಹೋಗುತ್ತಿದ್ದರು. ಅವರ ಹೆಂಡತಿ ನೀಲಗಂಗವ್ವ ಪ್ರವಾಸದ ಗುಂಪಿನೊಂದಿಗೆ ನಾರ್ವೆಗೆ ಹೋಗಿ, ಅಲ್ಲಿ ಆಕಾಶದಲ್ಲಿ ಕುಣಿಯುವ ಬೆಳಕು ನೋಡುತ್ತೇನೆಂದಾಗ ಮಾತ್ರ ನನ್ನನ್ನು ಕಳಚಿ ಕೊಟ್ಟರು.

"ಕಿವಿ ಮುಚ್ಚಿಕೊ. ಸಾಧ್ಯಾದ್ರ ಬಾಯಿನೂ," ಎಂದರು. "ಆ ಮೊಣಕಾಲು ತಗೊಂಡು ಅಷ್ಟು ದೂರ ಹೋಗಿ ಮೋಡ ನೋಡಿ ಬರ್ತಿ, ಬರದು ಕೊಡ್ತೀನಿ."

"ಬೆಳಕು ನೋಡೇ ಬರ್ತೀನಿ. ನೀವು ಮನ್ಯಾಗ ಫ್ಯಾನ್ ನೋಡ್ರಿ."

ನೋಡದೆ ಮರಳಿದರೆ ಸಾಯುವತನಕ ಪ್ರತಿ ಊಟಕ್ಕೂ ಇದೇ ಮಾತಿನ ಒಗ್ಗರಣೆ ಬೀಳುತ್ತದೆಂದು ನೀಲಗಂಗವ್ವನಿಗೂ ಗೊತ್ತಿತ್ತು, ನನಗೂ.

ನಾರ್ವೆಯ ಕಡಲತಡಿಯ ಆ ಊರಿನಲ್ಲಿ ಆ ತಿಂಗಳು ಸೂರ್ಯ ಹುಟ್ಟುವುದೇ ಇಲ್ಲ. ಮಧ್ಯಾಹ್ನದ ಚಹಾಕ್ಕೇ ಕತ್ತಲು. ಮೊದಲ ದಿನದ ಚಳಿಗೇ ಕಂಗಾಲಾದ ಗುಂಪಿನ ಹೆಂಗಸರು ದ್ಯಾಮವ್ವನಿಗೆ ಹರಕೆ ಹೊತ್ತರು: ಚಳಿ ಇಳಿಸು ತಾಯಿ, ಉಡಿ ತುಂಬುತ್ತೇವೆ. ದ್ಯಾಮವ್ವ ಕೂಡಲೇ ಕೇಳಿಸಿಕೊಂಡಳು. ಸಮುದ್ರದ ಕಡೆಯಿಂದ ಬೆಚ್ಚನೆಯ ಗಾಳಿ ಬೀಸಿತು. ಅದರ ಬೆನ್ನಿಗೇ ಮೋಡ ಬಂದು ಆಕಾಶಕ್ಕೆ ಕಂಬಳಿ ಹೊದೆಸಿತು. ಮೂರು ದಿನ ಹಿಮ ಬಿತ್ತು, ಬೆಳಕು ಕಾಣಲಿಲ್ಲ.

ಕೊನೆಯ ದಿನ ಬಸ್ಸಿನ ಚಾಲಕ ಆರ್ನೆ ಹೇಳಿದ್ದನ್ನು ಪ್ರವಾಸದ ಮ್ಯಾನೇಜರ್ ವಿರೂಪಾಕ್ಷ ಕನ್ನಡದಲ್ಲಿ ತಿಳಿಸಿದ. ಮೋಡ ಇದ್ದಲ್ಲಿ ಬೆಚ್ಚಗಿರುತ್ತದೆ, ಬೆಳಕು ಕಾಣುವುದಿಲ್ಲ. ಗುಡ್ಡ ದಾಟಿ ಒಳನಾಡಿಗೆ ಹೋದರೆ ಆಕಾಶ ಶುಭ್ರ, ಚಳಿ ಮಾತ್ರ ಮೈನಸ್ ಇಪ್ಪತ್ತೈದು.

"ಅಯ್ಯ, ಹರಕಿ ಹೊತ್ತು ಓಡಿಸಿದ ಚಳಿನ ಹುಡಿಕ್ಕೊಂಡು ಹೋಗೂದ?" ಎಂದರು ಹರಕೆಯ ಮುಂದಾಳು ಕಮಲಾಕ್ಷಿಬಾಯಿ. ಗುಂಪು ಹೀಟರಿಗೆ ಇನ್ನಷ್ಟು ಹತ್ತಿರ ಸರಿಯಿತು.

ನೀಲಗಂಗವ್ವ ನನ್ನನ್ನು ಗದ್ದದವರೆಗೆ ಎಳೆದುಕೊಂಡು ಹೋಗಿ ಬಸ್ಸಿನಲ್ಲಿ ಕೂತರು.

"ಕಾಕೂ, ಇಳೀರಿ. ಒಬ್ಬರ ಸಲುವಾಗಿ ಬಸ್ ಬಿಡಾಕ ಆಗೂದಿಲ್ಲ," ಎಂದ ವಿರೂಪಾಕ್ಷ.

"ಬಿಡಬ್ಯಾಡ. ನಾ ಇಳಿಯೂದಿಲ್ಲ."

"ಮಂದಿ ಬರಂಗಿಲ್ಲ ಅಂತಾರ್ರಿ."

"ಬರ್ತಾರ. ರೊಟ್ಟಿ ಡಬ್ಬಿ ಇಲ್ಲೈತಿ."

ನಿಜ. ಗುಂಪಿನ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಎಲ್ಲ ಅವರ ಉಸ್ತುವಾರಿಯಲ್ಲಿತ್ತು. ಈಗ ಅವರ ಕಾಲಬುಡದಲ್ಲಿತ್ತು. ಮೀನಿನ ವಾಸನೆಯ ನಡುವೆ ದಿನ ದೂಡಿದ ಸಸ್ಯಾಹಾರಿಗಳು ಚಳಿಯನ್ನೂ ಹಸಿವನ್ನೂ ತೂಗಿ ನೋಡಿ ಒಬ್ಬೊಬ್ಬರಾಗಿ ಹತ್ತಿದರು.

"ಇದು ದಾದಾಗಿರಿ," ಎಂದರು ಕೊನೆಗೆ ಹತ್ತಿದ ಕಮಲಾಕ್ಷಿಬಾಯಿ.

"ಹೌದ್ರಿ. ಕೂಡ್ರಿ," ಎಂದರು ನೀಲಗಂಗವ್ವ.

ಗುಡ್ಡದಾಚೆ ಮೋಡ ಹರಿದು ನಕ್ಷತ್ರಗಳು ಕಂಡವು. ಬಸ್ಸಿಳಿದೊಡನೆ ನನ್ನ ಎಳೆಎಳೆಯೂ ಹಪ್ಪಳದಂತೆ ಸೆಟೆಯಿತು; ಅವರ ಉಸಿರು ನನ್ನ ಅಂಚಿಗೆ ಬಿಳಿ ಮೀಸೆ ಕಟ್ಟಿತು. ಹದಿನೆಂಟು ಡಿಗ್ರಿಗೆ ತಯಾರಾದವನು ನಾನು. ಆದರೂ ಆ ಕಿವಿಗಳನ್ನು ಬಿಟ್ಟುಕೊಡಲಿಲ್ಲ. ಬಹಳ ಹೊತ್ತು ಏನೂ ಕಾಣಲಿಲ್ಲ. ಹಲವರು ವಾಪಸ್ ಹೋಗೋಣವೆಂದರು. ನೀಲಗಂಗವ್ವ ಡಬ್ಬಿಯ ಮೇಲೆ ಕೂತು ಮೇಲೆ ನೋಡುತ್ತಲೇ ಇದ್ದರು.

ಮೊದಲು ತೆಳ್ಳನೆಯ ಹೊಗೆಯಂತೆ ಏನೋ ಎದ್ದಿತು. ಆಮೇಲೆ, ಒಗೆದ ಹಸಿರು ಸೀರೆಯ ಎರಡು ತುದಿ ಹಿಡಿದು ಯಾರೋ ಝಾಡಿಸಿದಂತೆ, ಆಕಾಶದುದ್ದಕ್ಕೂ ಬೆಳಕು ಅಲೆಯಾಡಿತು. ಕಮಲಾಕ್ಷಿಬಾಯಿ ಬಾಯಿಗಿಟ್ಟ ರೊಟ್ಟಿ ಕಡಿಯುವುದನ್ನೇ ಮರೆತರು.

ಕಣ್ತುಂಬ ನೋಡಿ ತಿರುಗಿದ ನೀಲಗಂಗವ್ವನಿಗೆ ಪಕ್ಕದಲ್ಲೇ ಬರಿತಲೆಯಲ್ಲಿ ನಿಂತಿದ್ದ ಆರ್ನೆ ಕಂಡ. "ಏ ತಮ್ಮಾ, ಹುಚ್ಚಗಿಚ್ಚ ಹಿಡದೈತೇನ? ಕಿವಿ ಮುಚ್ಚಿಕೊ!" ಎಂದು ನನ್ನನ್ನು ಕಳಚಿ, ತಾವು ಶಾಲು ಸುತ್ತಿಕೊಂಡರು. ಅವನಿಗೆ ಕನ್ನಡ ಬಾರದು, ಆದರೆ ಗದರಿಕೆ ಅರ್ಥವಾಗಿ ತಲೆ ಬಾಗಿಸಿ ನನ್ನನ್ನು ಹಾಕಿಸಿಕೊಂಡ.

ಅವನ ತಲೆಯ ಮೇಲೆ ಹಲವು ಚಳಿಗಾಲ ಕಳೆದೆ. ದುಬಾರಿ ಟೋಪಿಗಳು ನನ್ನನ್ನು ನೋಡಿ ನಕ್ಕವು. ನಗಲಿ. ಬೆಚ್ಚಗೂ ಇರಬೇಕು, ಬೆಳಕೂ ಕಾಣಬೇಕು ಎನ್ನುವವರ ತಲೆ ಮೇಲೆ ಕೂತವು ಅವು. ಈಗ ನನಗೆ ಎರಡು ತೂತು ಬಿದ್ದಿವೆ. ಬಸ್ಸಿನ ಮುಂಗಾಜಿನ ಕೆಳಗೆ ಮಲಗಿರುತ್ತೇನೆ.

ನೀಲಗಂಗವ್ವ ಬೆಳಕು ನೋಡಿ ಹುಬ್ಬಳ್ಳಿಗೆ ಹೋದರು. ನಾನು ಇಲ್ಲಿ ಗಾಜು ಒರೆಸುತ್ತೇನೆ.