ಮೂರನೇ ಮಹಡಿಯ ಬೀಗ

ಶಾಲೆಯಿಂದ ಬಂದ ಅಭಿಪ್ರಾಯ ಪತ್ರವನ್ನು ಬೀಗದ ಮೇಸ್ತ್ರಿ ಊಟದ ಮೇಜಿನ ಮೇಲೆ ಹರಡಿ, ಕನ್ನಡಕ ಒರೆಸಿಕೊಂಡು, ಪೆನ್ನಿನ ಮುಚ್ಚಳ ತೆಗೆದು ಕೂತಾಗ ಮನೆಯಲ್ಲಿ ಯಾರೂ ಅವನನ್ನು ಮಾತಾಡಿಸುವ ಹಾಗಿರಲಿಲ್ಲ. ಹಳದಿ ಕಾಗದ. ಹದಿನೈದು ಪ್ರಶ್ನೆ, ಪ್ರತಿಯೊಂದರ ಎದುರು ಒಂದರಿಂದ ಐದರವರೆಗೆ ಅಂಕಿ. ಕೊನೆಯಲ್ಲಿ ‘ಇತರ ಅನಿಸಿಕೆ’ ಅಂತ ಮೂರು ಗೆರೆ ಜಾಗ. ಅವನು ಏಳನೇ ತರಗತಿ ದಾಟಿದವನಲ್ಲ. ನಿನ್ನ ಅಭಿಪ್ರಾಯವೇನಪ್ಪಾ ಎಂದು ಅಚ್ಚು ಹಾಕಿದ ಕಾಗದ ಕೊಟ್ಟು ಯಾರಾದರೂ ಕೇಳಿದ್ದು ಜೀವಮಾನದಲ್ಲಿ ಇದೇ ಮೊದಲು.

“ನಿಂದೂ ಬಂದಿದೆಯಲ್ಲಾ ಕೂಸೇ, ಏನು ಬರೆದೆ?” ಎಂದು ಮಗಳನ್ನು ಕೇಳಿದ.

“ಎಲ್ಲಾ ಐದು,” ಎಂದಳು ಅವಳು, ಪುಸ್ತಕದಿಂದ ತಲೆ ಎತ್ತದೆ. “ಬಿಳಿ ಕಾಗದ ನಮ್ದು. ಕ್ಲಾಸಲ್ಲೇ ತುಂಬಿಸ್ಕೊಂಡ್ರು. ಐದು ಅಂದ್ರೆ ತುಂಬಾ ಚೆನ್ನಾಗಿದೆ ಅಂತ ಮಿಸ್ ಬೋರ್ಡ್ ಮೇಲೆ ಬರೆದ್ರು. ಉಳಿದ ಅಂಕಿಗೆ ಏನರ್ಥ ಅಂತ ಬರೀಲೇ ಇಲ್ಲ.”

ಮೇಸ್ತ್ರಿ ನಕ್ಕ. ಅವನೂ ಐದಕ್ಕೇ ಸುತ್ತು ಹಾಕುವವನಿದ್ದ. ನಾಲ್ಕು ಮಹಡಿಯ ಹೈಸ್ಕೂಲು, ಮೂರು ಸಾವಿರದ ನಾನೂರು ಮಕ್ಕಳು. ಅದರ ಪಕ್ಕದ ಗೇಟಿನ ಎದುರಿಗೇ ಅವನ ಅಂಗಡಿ. ಅಂಗಡಿಯೆಂದರೆ ಒಬ್ಬ ಕೂರಬಹುದಾದ, ಕೂತವನು ಕಾಲು ಚಾಚಲಾಗದ ತಗಡಿನ ಪೆಟ್ಟಿಗೆ. ಸಂಜೆ ಮಕ್ಕಳಿಗಾಗಿ ಕಾಯುವ ಅಪ್ಪ ಅಮ್ಮಂದಿರು ಅವನ ಮುಂದೆ ನಿಂತು ಶಾಲೆಯನ್ನು ಬಯ್ಯುತ್ತಿದ್ದರು. ಒಂದು ಕೋಣೆಯಲ್ಲಿ ಅರವತ್ತೆಂಟು ಮಕ್ಕಳು, ಗಣಿತದ ಮೇಷ್ಟ್ರು ವರ್ಷದ ಅರ್ಧ ರಜೆ, ಪ್ರಯೋಗಶಾಲೆಯಲ್ಲಿ ಪ್ರಯೋಗ ನೋಡಿದ ಮಗುವೇ ಇಲ್ಲ. ಮೇಸ್ತ್ರಿ ಅರದಿಂದ ಕೀಲಿಕೈ ಉಜ್ಜುತ್ತ ಕೇಳಿಸಿಕೊಳ್ಳುತ್ತಿದ್ದ. ಒಳಗೊಳಗೇ ಅವನಿಗೆ ಅವರ ಮೇಲೆ ಸಿಟ್ಟು. ಉಂಡ ಮನೆಯ ಜಂತೆ ಎಣಿಸುವ ಜನ ಅಂದುಕೊಳ್ಳುತ್ತಿದ್ದ. ಅವನ ಪಾಲಿಗೆ ಆ ಕಟ್ಟಡದೊಳಗೆ ಮಗಳು ಹೋಗಿ ಬರುವುದೇ ಒಂದು ಪದವಿ. ಹೋದ ವರ್ಷ ಶಾಲೆಯವರು ಅವನ ಬಳಿಯೇ ಒಂದು ಡಜನ್ ಹಿತ್ತಾಳೆ ಬೀಗ ಕೊಂಡಿದ್ದರು. ನಮ್ಮ ಶಾಲೆಗೆ ನಮ್ಮ ಬೀಗ ಎಂದು ಅವನು ಎರಡು ದಿನ ಎದೆ ಉಬ್ಬಿಸಿಕೊಂಡು ಓಡಾಡಿದ್ದ.

ಕಾಗದ ಅವತ್ತು ತುಂಬಲಾಗಲಿಲ್ಲ. ಮಗಳಿಗೆ ಮತ್ತೆ ಜ್ವರ ಬಂತು.

ನಾಲ್ಕು ತಿಂಗಳಲ್ಲಿ ಇದು ಮೂರನೇ ಸಲ. ನಡುಕ, ಸೊಂಟನೋವು, ಮೂತ್ರಕ್ಕೆ ಹೋದರೆ ಕಣ್ಣಲ್ಲಿ ನೀರು. ದವಾಖಾನೆಯ ಡಾಕ್ಟರಮ್ಮ ಈ ಸಲ ಔಷಧಿ ಬರೆಯುವ ಮೊದಲು ಪೆನ್ನು ಕೆಳಗಿಟ್ಟು ಕೇಳಿದಳು: “ದಿನಕ್ಕೆ ಎಷ್ಟು ನೀರು ಕುಡೀತೀಯಾ?”

“ಸಂಜೆ ಕುಡೀತೀನಿ.”

“ಸ್ಕೂಲಲ್ಲಿ?”

ಹುಡುಗಿ ಅಪ್ಪನ ಕಡೆ ನೋಡಿದಳು. “ಕುಡಿಯಲ್ಲ. ಕುಡಿದ್ರೆ ಹೋಗ್ಬೇಕಾಗುತ್ತೆ.”

“ಹೋಗೋಕೇನು?”

“ಮೂರನೇ ಮಹಡಿದು ಬೀಗ ಹಾಕಿರುತ್ತೆ. ಎರಡನೇದೂ ಹಾಗೇ. ಕೆಳಗಡೆ ನಾಲ್ಕಿದೆ, ಎರಡಕ್ಕೆ ಬಾಗಿಲಿಲ್ಲ. ಬಿಡುವು ಹತ್ತೇ ನಿಮಿಷ. ಇಳಿದು ಹೋಗಿ ಸಾಲಲ್ಲಿ ನಿಂತ್ರೆ ಅಷ್ಟರಲ್ಲಿ ಬೆಲ್ಲಾಗುತ್ತೆ. ತಡವಾಗಿ ಬಂದ್ರೆ ಹೊರಗೆ ನಿಲ್ಲಿಸ್ತಾರೆ. ಯಾರೂ ಹೋಗಲ್ಲ ಮೇಡಂ. ಎಲ್ಲರೂ ತಡ್ಕೋತಾರೆ.”

“ಬೆಳಿಗ್ಗೆ ಏಳೂವರೆಯಿಂದ ಸಂಜೆ ನಾಲ್ಕರವರೆಗೆ?” ಡಾಕ್ಟರಮ್ಮ ಮೇಸ್ತ್ರಿಯ ಕಡೆ ತಿರುಗಿದಳು. “ಹೀಗೇ ಬಿಟ್ರೆ ಮೂತ್ರಪಿಂಡಕ್ಕೆ ಹತ್ತುತ್ತೆ. ಔಷಧಿ ನಾನು ಕೊಡ್ತೀನಿ. ಬೀಗ ನಾನು ತೆಗೆಯೋಕಾಗಲ್ಲ.”

ಹೊರಗೆ ಬಂದ ಮೇಲೆ ಅವನು ಒಂದೇ ಮಾತು ಕೇಳಿದ. “ಯಾವ ಬೀಗ ಅದು?”

“ನೀನೇ ಕೊಟ್ಟಿದ್ದು,” ಎಂದಳು ಮಗಳು.

ಅವತ್ತು ಸಂಜೆ ಅವನು ಹದಿನೈದು ಪ್ರಶ್ನೆಗೂ ಒಂದರ ಅಂಕಿಗೇ ಸುತ್ತು ಹಾಕಿದ. ಮೂರು ಗೆರೆ ಸಾಲದೆ ಕಾಗದ ಮಗುಚಿ ಹಿಂಭಾಗದಲ್ಲೂ ಬರೆದ. ಕಾಗುಣಿತ ತಪ್ಪಿದಲ್ಲಿ ಹೊಡೆದು ಮತ್ತೆ ಬರೆದ. ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ದಿನವಿಡೀ ಇಸ್ತ್ರಿ ಮಾಡಿ ಬಂದಿದ್ದ ಹೆಂಡತಿ, ಊದಿದ ಮಣಿಕಟ್ಟಿಗೆ ಎಣ್ಣೆ ನೀವಿಕೊಳ್ಳುತ್ತ ಅದನ್ನು ನೋಡಿದಳು.

“ಸ್ಕೂಲು ಮುಗಿಯೋಕೆ ಇನ್ನೊಂದು ವರ್ಷ ಕಣ್ರೀ. ಒಂದೇ ವರ್ಷ. ಹುತ್ತಕ್ಕೆ ಕೈ ಹಾಕ್ಬೇಡಿ.”

“ಹೆಸರು ಬರೀಬೇಡಿ ಅಂತ ಅವರೇ ಹಾಕಿದ್ದಾರಲ್ಲ ಮೇಲ್ಗಡೆ.”

“ಊರಿಗೆ ಉಪಕಾರಿ, ಮನೆಗೆ ಮಾರಿ,” ಎಂದು ಹೆಂಡತಿ ಎದ್ದು ಹೋದಳು.

ಹೆಸರು ಬರೆಯದಿದ್ದರೇನು, ಕಾಗದದ ಮೂಲೆಯಲ್ಲಿ ಮಗಳ ಹಾಜರಿ ಸಂಖ್ಯೆಯನ್ನು ಯಾರೋ ಪೆನ್ಸಿಲಿನಲ್ಲಿ ಸಣ್ಣದಾಗಿ ಬರೆದಿದ್ದರು. ಅದು ಅವನಿಗೆ ಗೊತ್ತಾದದ್ದು ಕಾಗದ ಕೊಟ್ಟ ನಾಲ್ಕನೇ ದಿನ, ಕರೆಸಿದ ಮುಖ್ಯೋಪಾಧ್ಯಾಯಿನಿಯ ಮೇಜಿನ ಮೇಲೆ ತನ್ನ ಕಾಗದ ಒಂಟಿಯಾಗಿ ಬಿದ್ದಿದ್ದನ್ನು ಕಂಡಾಗ.

ಆಕೆ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು. ಕುರ್ಚಿ ತೋರಿಸಿದಳು, ಟೀ ತರಿಸಿದಳು. ಆಕೆಯ ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು.

“ನೀವು ಬರೆದಿರೋದ್ರಲ್ಲಿ ಸುಳ್ಳಿಲ್ಲ,” ಎಂದಳು. “ಆದ್ರೆ ಕೇಳಿ. ಮೂರು ಸಾವಿರ ಮಕ್ಕಳಿಗೆ ಗುಡಿಸೋಳು ಒಬ್ಬಳು. ಇನ್ನೊಬ್ಬರನ್ನ ಕೊಡಿ ಅಂತ ಆರು ಪತ್ರ ಬರೆದೆ, ಉತ್ತರ ಬರಲಿಲ್ಲ. ಈಗ ಈ ಅಭಿಪ್ರಾಯದ ಲೆಕ್ಕ ಮೇಲಕ್ಕೆ ಹೋಗುತ್ತೆ. ಅಂಕ ಕಮ್ಮಿಯಾದ್ರೆ ಚೆನ್ನಾಗಿರೋ ಮೇಷ್ಟ್ರುಗಳನ್ನ ಬೇರೆ ಕಡೆ ಹಾಕ್ತಾರೆ, ಓದೋ ಮಕ್ಕಳು ಬಿಟ್ಟು ಹೋಗ್ತಾರೆ. ಉಳಿಯೋದು ಯಾರು? ನಿಮ್ಮ ಮಗಳಂಥವರೇ.”

“ಹಾಗಾದ್ರೆ ಕೆಟ್ಟದಾಗಿದೆ ಅಂತ ಮೇಲಿನವರಿಗೆ ಗೊತ್ತಾಗೋದು ಹೇಗೆ ಮೇಡಂ?”

ಆಕೆ ಡ್ರಾಯರಿನಿಂದ ಹೊಸ ಹಳದಿ ಕಾಗದವೊಂದನ್ನು ತೆಗೆದು ಅವನ ಮುಂದೆ ಸರಿಸಿದಳು. “ಎಲ್ಲಾ ಐದು ಹಾಕಿ ಅನ್ನಲ್ಲ. ಮೂರು ಹಾಕಿ.”

ಅವನು ಟೀ ಮುಟ್ಟದೆ ಎದ್ದು ಬಂದ. ಬಾಗಿಲ ಬಳಿ ಆಕೆ ಹೇಳಿದಳು: “ಶನಿವಾರ ಪೋಷಕರ ಸಭೆ ಇದೆ. ಅಲ್ಲಿ ಮಾತಾಡಬೇಡಿ ಅಂತ ಬೇಡ್ಕೋತೀನಿ. ನಿಮಗೋಸ್ಕರ ಅಲ್ಲ, ಹುಡುಗಿಗೋಸ್ಕರ.”

ಬೇಡಿಕೊಂಡದ್ದನ್ನು ಅವನು ಬೆದರಿಕೆಯೆಂದು ತಿಳಿದ. ಶುಕ್ರವಾರವಿಡೀ ಅಂಗಡಿಯಲ್ಲಿ ಕೂತು ಮಾತು ಜೋಡಿಸಿಕೊಂಡ. ಬಂದು ನಿಂತ ಪೋಷಕರನ್ನು ಒಬ್ಬೊಬ್ಬರನ್ನಾಗಿ ಕೇಳಿದ: ನಾಳೆ ನಾನು ಎದ್ದು ನಿಂತರೆ ನೀವೂ ಎದ್ದು ನಿಲ್ಲುತ್ತೀರಾ? ಬೇಕರಿಯ ಹೆಂಗಸು, ಅವಳ ಮಗಳಿಗೂ ಇದೇ ಕಾಯಿಲೆ, “ಖಂಡಿತಾ ಅಣ್ಣಾ, ಯಾರಾದ್ರೂ ಬಾಯಿ ಬಿಡಲೇಬೇಕಲ್ಲ,” ಎಂದಳು. ಬಸ್ಸಿನ ಕಂಡಕ್ಟರು ಅವನ ಕೈ ಕುಲುಕಿದ. ಹತ್ತು ಹದಿನೈದು ಜನ ಹೂಂ ಅಂದರು.

ಸಭೆಯ ಹಾಲಿನಲ್ಲಿ ಮಕ್ಕಳು ಅಪ್ಪ ಅಮ್ಮಂದಿರ ಪಕ್ಕದಲ್ಲೇ ಕೂತಿದ್ದರು. ಮುಂದಿನ ಸಾಲಿನಲ್ಲಿ ಶಿಕ್ಷಣ ಇಲಾಖೆಯ ಕಚೇರಿಯಿಂದ ಬಂದ ಅಧಿಕಾರಿ. ಮುಖ್ಯೋಪಾಧ್ಯಾಯಿನಿ ಅಂಕಿ ಅಂಶ ಓದಿದಳು: ಪೋಷಕರಲ್ಲಿ ನೂರಕ್ಕೆ ತೊಂಬತ್ತಾರು ಜನ, ವಿದ್ಯಾರ್ಥಿಗಳಲ್ಲಿ ತೊಂಬತ್ತೆಂಟು ಜನ ತೃಪ್ತರು. ಚಪ್ಪಾಳೆ. ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದು ಅಧಿಕಾರಿ ವಾಚು ನೋಡಿಕೊಳ್ಳುತ್ತ ಕೇಳಿದ.

ಮೇಸ್ತ್ರಿ ಎದ್ದ. ಮಗಳು ಅವನ ಅಂಗಿಯ ತುದಿ ಹಿಡಿದು ಎಳೆದದ್ದು ಅವನಿಗೆ ಗೊತ್ತಾಯಿತು. ಆದರೂ ಮೈಕಿನ ಹತ್ತಿರ ಹೋದ. ಮೂರನೇ ಮಹಡಿಯ ಬೀಗದ ವಿಷಯ ಹೇಳಿದ, ನೀರು ಕುಡಿಯದ ಹುಡುಗಿಯರ ವಿಷಯ ಹೇಳಿದ. ಜೋಡಿಸಿಕೊಂಡ ಮಾತು ತಪ್ಪಲಿಲ್ಲ. ಮುಗಿಸಿ ಹಿಂದಿನ ಸಾಲುಗಳತ್ತ ನೋಡಿದ, ಯಾರು ಯಾರು ಎದ್ದಿದ್ದಾರೆ ಎಂದು.

ಬೇಕರಿಯ ಹೆಂಗಸು ಕೈಚೀಲದೊಳಗೆ ಏನನ್ನೋ ಹುಡುಕುತ್ತಿದ್ದಳು. ಕಂಡಕ್ಟರು ಬಂದೇ ಇರಲಿಲ್ಲ. ಯಾರೋ ಹಿಂದಿನಿಂದ, “ಮನೇಲೇ ಮುಗಿಸ್ಕೊಂಡು ಬಂದ್ರಾಯ್ತಪ್ಪಾ,” ಎಂದದ್ದಕ್ಕೆ ನಗು ಹಬ್ಬಿತು.

“ಮಕ್ಕಳನ್ನೇ ಕೇಳೋಣ,” ಎಂದ ಅಧಿಕಾರಿ. “ನಿಮ್ಮ ಮಗಳೆಲ್ಲಿ? ಎದ್ದು ನಿಲ್ಲಮ್ಮಾ. ಶಾಲೆಯಲ್ಲಿ ನಿನಗೇನಾದರೂ ತೊಂದರೆ ಇದೆಯಾ?”

ಹುಡುಗಿ ಎದ್ದು ನಿಂತಳು. ಸುತ್ತಲೂ ಅವಳ ತರಗತಿ, ಹುಡುಗರು, ಹುಡುಗಿಯರು, ಗೋಡೆಗೊರಗಿ ನಿಂತ ಕ್ಲಾಸ್ ಟೀಚರು. ಅವಳು ಅಪ್ಪನನ್ನು ನೋಡಲಿಲ್ಲ.

“ಇಲ್ಲ ಸರ್.”

ಮೇಸ್ತ್ರಿಗೆ ಕಪಾಳಕ್ಕೆ ಹೊಡೆದಂತಾಯಿತು. ಅಲ್ಲಿಗೆ ಅವನು ಸುಮ್ಮನೆ ಇಳಿದು ಬರಬಹುದಿತ್ತು. ಬರಲಿಲ್ಲ. “ಸುಳ್ಳು ಹೇಳ್ತಿದಾಳೆ,” ಎಂದ, ಮೈಕಿನಲ್ಲೇ. “ಮೂರು ಸಲ ಆಸ್ಪತ್ರೆಗೆ ಹೊತ್ಕೊಂಡು ಹೋಗಿದೀನಿ. ಮೂತ್ರದಲ್ಲಿ ರಕ್ತ ಬರುತ್ತೆ ಇವಳಿಗೆ. ಹೋದ ತಿಂಗಳು ತಡೆಯೋಕಾಗದೆ ಬಟ್ಟೆ ಒದ್ದೆ ಮಾಡ್ಕೊಂಡು, ಸ್ವೆಟರ್ ಸುತ್ಕೊಂಡು ಮನೆಗೆ ಬಂದ್ಲು. ಕೇಳಿ ಬೇಕಾದ್ರೆ, ಹೌದೋ ಅಲ್ವೋ ಕೇಳಿ!”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹಾಲಿನ ಆರು ಸ್ಪೀಕರುಗಳೂ ಅದನ್ನು ಮೂಲೆಮೂಲೆಗೆ ಮುಟ್ಟಿಸಿದವು. ಈ ಸಲ ಯಾರೂ ನಗಲಿಲ್ಲ. ಹುಡುಗಿ ಇನ್ನೂ ನಿಂತೇ ಇದ್ದಳು, ಕೂತುಕೋ ಎಂದು ಯಾರೂ ಹೇಳಿರಲಿಲ್ಲವಾದ್ದರಿಂದ.

ತಾನು ಏನು ಮಾಡಿದೆ ಎಂಬುದು ಅವನಿಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ನೋಡಿ ಬೇಕಾದರೆ, ತೋರಿಸ್ತೀನಿ ಬನ್ನಿ ಎನ್ನುತ್ತ ಮೈಕು ಬಿಟ್ಟು ಹೊರಟವನು ಮೆಟ್ಟಿಲು ಹತ್ತತೊಡಗಿದ. ಹಿಂದೆ ಅಧಿಕಾರಿ, ಮುಖ್ಯೋಪಾಧ್ಯಾಯಿನಿ, ಕುತೂಹಲಕ್ಕೆ ಐವತ್ತು ಅರವತ್ತು ಜನ. ಮೂರನೇ ಮಹಡಿಯ ಕೊನೆಯಲ್ಲಿ ಹಸಿರು ಬಾಗಿಲು, ಅದರ ಮೇಲೆ ಹುಡುಗಿಯ ಚಿತ್ರ, ಕೆಳಗೆ ಅವನದೇ ಹಿತ್ತಾಳೆ ಬೀಗ. ಜೇಬಿನಿಂದ ಎರಡು ತಂತಿ ತೆಗೆದ. ಒಂದು ನಿಮಿಷವೂ ಹಿಡಿಯಲಿಲ್ಲ. ಬಾಗಿಲನ್ನು ಕಾಲಿನಿಂದ ದೂಡಿದ.

ಒಳಗೆ ಪಾಯಿಖಾನೆಯೇ ಇರಲಿಲ್ಲ. ಕುಳಿಗಳನ್ನು ಎಂದೋ ಕಿತ್ತು ಸಿಮೆಂಟು ಬಳಿದಿದ್ದರು. ಗೋಡೆಯಲ್ಲಿ ಕೊಳವೆಗಳನ್ನು ಗೇಣುದ್ದಕ್ಕೆ ಕತ್ತರಿಸಿ ಬಾಯಿಗೆ ಚಿಂದಿ ತುರುಕಿದ್ದರು. ನೆಲದಿಂದ ಚಾವಣಿಯವರೆಗೆ ಕಾಲು ಮುರಿದ ಬೆಂಚುಗಳು, ತಿರುಗುಮುರುಗಾಗಿ ಒಂದರ ಮೇಲೊಂದು.

ಜನ ಕತ್ತು ಚಾಚಿ ನೋಡಿದರು. ಆಮೇಲೆ ಯಾರೋ ಒಬ್ಬ ತಂದೆ ಹಗುರಾಗಿ ಉಸಿರು ಬಿಟ್ಟು ಹೇಳಿದ: “ಅಯ್ಯೋ, ಇದು ಸಾಮಾನಿನ ಕೋಣೆ ಕಣ್ರೀ. ಬೀಗ ಹಾಕದೆ ಇನ್ನೇನು ಮಾಡ್ತಾರೆ?”

“ಬೆಂಚು ಮೈಮೇಲೆ ಬಿದ್ರೆ ಯಾರು ಹೊಣೆ?”

“ಅದೇ ಮತ್ತೆ.”

ಎಲ್ಲರ ಮುಖದಲ್ಲೂ ಸಮಾಧಾನ ಹರಡುವುದನ್ನು ಮೇಸ್ತ್ರಿ ನಿಂತು ನೋಡಿದ. ದೂರಿಗೆ ಉತ್ತರ ಸಿಕ್ಕಿತ್ತು. ಮುಖ್ಯೋಪಾಧ್ಯಾಯಿನಿ ಮಾತ್ರ ಗೋಡೆ ನೋಡುತ್ತಿದ್ದಳು. ಅಧಿಕಾರಿ ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಂಡು, ಸರ್ಕಾರಿ ಬೀಗ ಮುರಿಯುವುದು ಅಪರಾಧವೆಂದೂ ಈ ಸಲ ಬಿಟ್ಟಿರುವುದಾಗಿಯೂ ಹೇಳಿ ಕೆಳಗಿಳಿದ. ಮುರಿದಿಲ್ಲ, ತೆಗೆದಿದ್ದೇನೆ ಎಂದುಕೊಳ್ಳುತ್ತ ಮೇಸ್ತ್ರಿ ತಂತಿಗಳನ್ನು ಜೇಬಿಗೆ ಹಾಕಿಕೊಂಡ.

ಹಾಲಿಗೆ ಮರಳಿದಾಗ ಮಗಳು ಇರಲಿಲ್ಲ. ಮನೆಗೆ ಒಬ್ಬಳೇ ನಡೆದು ಹೋಗಿದ್ದಳು.

“ಯಾಕೆ ಇಲ್ಲ ಅಂದೆ?” ಎಂದು ಅವನು ಚಪ್ಪಲಿ ಬಿಡುವ ಮೊದಲೇ ಕೇಳಿದ.

“ನೀನು ಅಲ್ಲಿ ಒಂದು ಗಂಟೆ ಇರೋನು,” ಎಂದಳು ಅವಳು. ಅತ್ತು ಮುಗಿದ ದನಿ. “ನಾನು ದಿನಾ ಇರೋಳು.”

“ನಿನಗೋಸ್ಕರ ತಾನೇ...”

“ಸ್ವೆಟರಿನ ವಿಷಯ ಅಮ್ಮನಿಗೆ ಮಾತ್ರ ಹೇಳಿದ್ದೆ.”

ಅವನು ಹೆಂಡತಿಯ ಮುಖ ನೋಡಿದ. ಅವಳು ಮುಖ ತಿರುಗಿಸಿಕೊಂಡಳು. ಅವಳ ಪಾಲಿನ ತಪ್ಪೂ ಅದರಲ್ಲಿ ಇತ್ತಲ್ಲ.

ಸೋಮವಾರ ಹುಡುಗಿ ಶಾಲೆಗೆ ಹೋದಳು. ಮಂಗಳವಾರವೂ ಹೋದಳು. ಬುಧವಾರ ಅವಳ ಬೆಂಚಿನ ಮೇಲೆ ಯಾರೋ ಒಂದು ಸಣ್ಣ ಮಗುವಿನ ಚಡ್ಡಿ ಇಟ್ಟಿದ್ದರು. ಗುರುವಾರ ಅವಳು ಸಮವಸ್ತ್ರ ಹಾಕಲಿಲ್ಲ. ಹದಿನೈದು ದಿನ ಕಾದು, ಕಡೆಗೆ ಹೆಂಡತಿಯೇ ಕಾರ್ಖಾನೆಗೆ ರಜೆ ಹಾಕಿ ಓಡಾಡಿ, ಎರಡು ಬಸ್ಸು ಬದಲಿಸಿ ಹೋಗಬೇಕಾದ ಇನ್ನೊಂದು ಶಾಲೆಗೆ ಸೇರಿಸಿ ಬಂದಳು. ಅಲ್ಲಿ ಪಾಯಿಖಾನೆ ಹೇಗಿದೆ ಎಂದು ಮೇಸ್ತ್ರಿ ಕೇಳಲಿಲ್ಲ. ಕೇಳುವ ಬಾಯಿ ಅವನಿಗೆ ಉಳಿದಿರಲಿಲ್ಲ.

ಬೇಕರಿಯ ಹೆಂಗಸು ಒಂದು ದಿನ ಅಂಗಡಿಯ ಮುಂದೆ ನಿಂತು, “ನೀವು ಹೇಳಿದ್ದು ಸರಿಯೇ ಅಣ್ಣಾ, ಆದ್ರೆ ಹೇಳಿದ ರೀತಿ...” ಎಂದು ಶುರು ಮಾಡಿದಳು. ಅವನು ಉಜ್ಜುವ ಚಕ್ರದ ಸ್ವಿಚ್ಚು ಹಾಕಿದ. ಸದ್ದಿನಲ್ಲಿ ಉಳಿದದ್ದು ಕೇಳಿಸಲಿಲ್ಲ.

ಮನೆಯಲ್ಲಿ ಮಗಳು ಅವನೊಡನೆ ಜಗಳವಾಡಲಿಲ್ಲ. ಅನ್ನ ಬಡಿಸಿದಳು, ಕನ್ನಡಕ ಹುಡುಕಿ ಕೊಟ್ಟಳು, ಕೇಳಿದ್ದಕ್ಕೆ ಉತ್ತರಿಸಿದಳು. ಹೇಗಿದೆ ಹೊಸ ಸ್ಕೂಲು ಎಂದರೆ “ಚೆನ್ನಾಗಿದೆ.” ಮೈ ಹೇಗಿದೆ ಎಂದರೆ “ಚೆನ್ನಾಗಿದೆ.” ಆ ಒಂದು ಪದದಾಚೆಗೆ ಅವನಿಗೆ ಅವಳಿಂದ ಏನೂ ಸಿಗಲಿಲ್ಲ. ಅವನೂ ಅದನ್ನು ನಂಬಿದವನ ಹಾಗೆ ತಲೆಯಾಡಿಸುವುದನ್ನು ಕಲಿತ.

ಮುಂದಿನ ವರ್ಷದ ಬೇಸಿಗೆಯಲ್ಲಿ ಒಂದು ಭಾನುವಾರ ಹೆಂಡತಿ ಬಟ್ಟೆ ಮಡಚುತ್ತ, “ಹತ್ತನೇ ಕ್ಲಾಸಲ್ಲಿ ಎಂಬತ್ತೊಂದು ಪರ್ಸೆಂಟು ಬಂದಿದೆ ಅವಳಿಗೆ,” ಎಂದಳು.

“ಯಾವಾಗ ಬಂತು ರಿಸಲ್ಟು?”

“ಗುರುವಾರ.”

ಗುರುವಾರ, ಶುಕ್ರವಾರ, ಶನಿವಾರ. ಮೂರು ದಿನವೂ ಅವನು ಮಗಳ ಎದುರಿಗೇ ಕೂತು ಊಟ ಮಾಡಿದ್ದ. ಒಳಗಿನ ಕೋಣೆಯಲ್ಲಿ ಅವಳು ಯಾವುದೋ ಗೆಳತಿಯೊಡನೆ ಫೋನಿನಲ್ಲಿ ಮಾತಾಡುತ್ತ ಜೋರಾಗಿ ನಗುವುದು ಕೇಳಿಸುತ್ತಿತ್ತು. ಎದ್ದು ಹೋಗಿ ಏನಾದರೂ ಹೇಳಬೇಕೆನ್ನಿಸಿ ಮೇಸ್ತ್ರಿ ಬಾಗಿಲವರೆಗೆ ಹೋದ. ನಗು ನಿಂತಿತು.

“ಏನಪ್ಪಾ? ಏನಾದ್ರೂ ಬೇಕಿತ್ತಾ?” ಎಂದಳು ಮಗಳು, ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು.

“ಏನಿಲ್ಲ,” ಎಂದ ಅವನು.