ಅಂಟಿಲ್ಲದ ಎಳೆ

ಮಾವನ ಕೆಲಸದ ಕೋಣೆಗೆ ಕಸಬರಿಗೆ ಬರುವ ಹಾಗಿರಲಿಲ್ಲ. ಮೇಜಿನ ದೂಳನ್ನು ಅವರೇ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು, ನೆಲವನ್ನೂ ಅವರೇ. ಹಿತ್ತಲ ಕಡೆಯ ಕಿಟಕಿಯ ಮೇಲ್ಮೂಲೆಯನ್ನು ಮಾತ್ರ ಅವರೂ ಮುಟ್ಟುತ್ತಿರಲಿಲ್ಲ. ಅಲ್ಲೊಂದು ಜೇಡ ಇತ್ತು. ಮಾವ ಅದನ್ನು ಯಜಮಾನಿ ಎಂದು ಕರೆಯುತ್ತಿದ್ದರು.

"ಈ ಮನೆಗೆ ಯಜಮಾನಿ ಅಂದ್ರೆ ನಾನಲ್ಲಮ್ಮ, ಎಂಟು ಕಾಲಿನವಳು," ಎಂದು ಅತ್ತೆ ನಾನು ಬಂದ ದಿನವೇ ಹೇಳಿದ್ದರು. "ನಾನು ಉಂಡ್ನಾ ಬಿಟ್ನಾ ಅಂತ ಕೇಳಲ್ಲ. ಅವಳಿಗೆ ನೊಣ ಸಿಕ್ತಾ ಅಂತ ದಿನಾ ವಿಚಾರಿಸ್ತಾರೆ."

"ಅವಳು ನನ್ನ ಕನ್ನಡಕ ಎತ್ತಿಟ್ಟು ಎಲ್ಲಿಟ್ಟೆ ಅಂತ ಮರೆಯಲ್ಲ," ಎಂದರು ಮಾವ.

ಮಾವ ನನ್ನ ತಾಯಿಯ ಅಣ್ಣ. ಹಳೆಯ ದುರ್ಬೀನುಗಳನ್ನು ರಿಪೇರಿ ಮಾಡುತ್ತಾರೆ. ಜಾಗ ಅಳೆಯುವವರು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂರಿಸಿ ಒಂದು ಕಣ್ಣು ಮುಚ್ಚಿಕೊಂಡು ನೋಡುತ್ತಾರಲ್ಲ, ಅಂಥವು. ಅವುಗಳೊಳಗೆ ಒಂದು ಹಿತ್ತಾಳೆ ಉಂಗುರವಿರುತ್ತದೆ. ಉಂಗುರದ ನಡುವೆ ಎರಡು ಗೆರೆ, ಒಂದು ಅಡ್ಡ, ಒಂದು ಉದ್ದ. ಅವು ಕೂಡುವ ಕಡೆ ಗುರಿ. ಹೊಸ ದುರ್ಬೀನುಗಳಲ್ಲಿ ಗೆರೆಯನ್ನು ಗಾಜಿನ ಮೇಲೆ ಕೊರೆದಿರುತ್ತಾರೆ. ಹಳೆಯವುಗಳಲ್ಲಿ ಅದು ಜೇಡನ ಎಳೆ. ಅಲ್ಲಿ ತಲೆಗೂದಲು ಇಟ್ಟರೆ ತೊಲೆ ಇಟ್ಟಂತೆ ಕಾಣುತ್ತದೆ, ಅದರ ಹಿಂದೆ ದೂರದ ಕಂಬವೇ ಮರೆಯಾಗುತ್ತದೆ.

ಒಂದೇ ವರ್ಷದಲ್ಲಿ ಎರಡು ಕೆಲಸ ಬಿಟ್ಟು ಬಂದಿದ್ದೆ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಬೈದು ಅಮ್ಮ ನನ್ನನ್ನು ಇಲ್ಲಿಗೆ ಕಳಿಸಿದ್ದಳು. ಮೂರು ತಿಂಗಳು ತಿರುಪು ಬಿಚ್ಚಿದೆ, ಮಸೂರ ಒರೆಸಿದೆ, ಹಿತ್ತಾಳೆ ಉಜ್ಜಿದೆ. ಒಂದು ದಿನವೂ ಗಡಿಯಾರ ನೋಡಲಿಲ್ಲ. ಅದು ನನಗೇ ಆಶ್ಚರ್ಯ.

ಒಂದು ಮಧ್ಯಾಹ್ನ ಮಾವ ಉಂಗುರವೊಂದನ್ನು ನನ್ನ ಮುಂದಿಟ್ಟು, ಪಕ್ಕದಲ್ಲಿ ತಮ್ಮ ಬಲಗೈ ಚಾಚಿದರು. ಬೆರಳುಗಳು ಗಾಳಿಗೆ ಸಿಕ್ಕ ಎಲೆಯಂತೆ ಅಲ್ಲಾಡುತ್ತಿದ್ದವು.

"ನೋಡಿದ್ಯಾ? ಇದು ಇನ್ನು ನನ್ನ ಮಾತು ಕೇಳಲ್ಲ. ಈ ಉಂಗುರಕ್ಕೆ ಎಳೆ ನೀನು ಕೂರಿಸು. ಕೂತ್ರೆ ಈ ಮೇಜು ನಿಂದು. ಕೂರ್ಲಿಲ್ಲಾಂದ್ರೆ ಇದೇ ಕೊನೇದು, ಅಂಗಡಿ ಮುಚ್ತೀನಿ."

"ಎಳೆ?"

"ಅವಳ ಹತ್ರ ಇದೆಯಲ್ಲ, ತಗೋ," ಎಂದು ಹೇಳಿ ಮಲಗಲು ಹೋದರು. ಮೂವತ್ತು ವರ್ಷ ಒಂದೇ ಕೆಲಸ ಮಾಡಿದವರು ಹೇಳಿಕೊಡುವಾಗ ಯಾವುದೋ ಒಂದು ಮೆಟ್ಟಿಲು ಹಾರಿಸಿಬಿಡುತ್ತಾರೆ. ಅದು ಯಾವುದು ಎಂದು ನಾವು ಬಿದ್ದ ಮೇಲೆ ತಿಳಿಯುತ್ತದೆ.

ಸ್ಟೂಲ್ ಹತ್ತಿ ಬಲೆ ನೋಡಿದೆ. ನಡುವಿನಿಂದ ಹೊರಟ ಕಡ್ಡಿಗಳಂಥ ಎಳೆಗಳು, ಅವನ್ನು ಹಾದು ಸುತ್ತು ಸುತ್ತಾಗಿ ಬಂದ ಇನ್ನಷ್ಟು ನವುರಾದ ಎಳೆಗಳು. ಯಾವ ಸುತ್ತೂ ಪಕ್ಕದ ಸುತ್ತಿಗೆ ತಾಗಿರಲಿಲ್ಲ. ಅಳತೆಪಟ್ಟಿ ಇಲ್ಲದೆ, ತನ್ನದೇ ಕಾಲು ಚಾಚಿ ಅಂತರ ನೋಡಿಕೊಂಡು ಕಟ್ಟಿದ್ದು. ಹೊರಗಿನ ಸುತ್ತುಗಳಲ್ಲಿ ಎರಡನ್ನು ಆರಿಸಿ, ಎರಡು ಕವಲಿನ ತಂತಿಯ ಕವೆಗೆ ತಾಗಿಸಿ ಕತ್ತರಿಸಿದೆ. ಬಲೆ ಒಂದು ಕಡೆ ಜೋತುಬಿತ್ತು. ಜೇಡ ಓಡಿಹೋಗಿ ಚೌಕಟ್ಟಿನ ಸಂದಿ ಸೇರಿತು. ಉಂಗುರದ ಮೇಲೆ ಎಳೆ ಒಂದೇ ಸಲಕ್ಕೆ ಕೂತಿತು. ತುದಿಗಳಿಗೆ ಒಂದೊಂದು ತೊಟ್ಟು ಅರಗು ಹಾಕಿ, ದುರ್ಬೀನು ಜೋಡಿಸಿದೆ. ಒಳಗೆ ಕಣ್ಣಿಟ್ಟು ನೋಡಲಿಲ್ಲ. ಅಷ್ಟು ಖುಷಿಯಾಗಿದ್ದೆ.

ಬೆಳಿಗ್ಗೆ ಒಂಬತ್ತಕ್ಕೆ ದುರ್ಬೀನಿನ ಒಡೆಯರು ಬಂದರು. ಸರ್ವೆ ಕಲಿಸುವ ಮೇಷ್ಟ್ರು. ಹುಡುಗರು ಮೊದಲು ಹಳೆಯದರಲ್ಲಿ ನೋಡಿ ಕಲಿಯಬೇಕು ಎಂದು ಹಟ ಹಿಡಿದವರು. ಕಿಟಕಿಯ ಹತ್ತಿರ ನಿಂತು ಕಣ್ಣಿಟ್ಟರು.

"ಏನ್ರೀ ಇದು! ಮುತ್ತಿನ ಸರ ಪೋಣಿಸಿದೀರಲ್ಲ?"

ನಾನು ನೋಡಿದೆ. ಗೆರೆ ಇರಬೇಕಾದ ಕಡೆ ಮಣಿಗಳ ಸಾಲು. ಒಂದೇ ಗಾತ್ರದ, ಒಂದೇ ಅಂತರದ ಹನಿಗಳು, ಪ್ರತಿಯೊಂದರ ಒಳಗೂ ಚೂರು ಬೆಳಕು. ಅಷ್ಟು ಚೆಂದದ ವಸ್ತುವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅಷ್ಟೇ ನಿರುಪಯುಕ್ತವಾದದ್ದನ್ನು ಮಾಡಿಯೂ ಇರಲಿಲ್ಲ.

ಮಾವ ನೋಡಿ, ಕೆಮ್ಮು ಬರುವ ತನಕ ನಕ್ಕರು. "ಸುತ್ತಿನ ಎಳೆ ತಗೊಂಡಿದೀಯಾ ಕಣೇ! ಅದು ನೊಣಕ್ಕೆ ಹಾಕಿದ್ದು, ತುಂಬಾ ಅಂಟು. ತಾನು ಇಳಿಯೋದಕ್ಕೆ ಅವಳು ಬೇರೆ ಎಳೆ ನೂಲ್ತಾಳೆ. ಅದಕ್ಕೆ ಅಂಟಿರಲ್ಲ. ಹೇಳಿದ್ನಲ್ಲ?"

"ಹೇಳ್ಲಿಲ್ಲ, ಮಾವ."

"ಹೇಳ್ಲಿಲ್ವಾ?" ನಗು ನಿಂತಿತು. ಅವರು ಮೇಜನ್ನು ನೋಡಿದರು, ನನ್ನನ್ನು ನೋಡಲಿಲ್ಲ.

"ಹನ್ನೊಂದಕ್ಕೆ ನಂಗೆ ಕ್ಲಾಸು," ಎಂದರು ಮೇಷ್ಟ್ರು.

ಕಿಟಕಿಯ ಮೂಲೆ ಖಾಲಿಯಾಗಿತ್ತು. ಸಂದಿಯಲ್ಲೂ ಯಾರೂ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅತ್ತೆ ಇಣುಕಿದರು. "ಬಿಟ್ಟು ಹೋದ್ಲಾ? ಪುಣ್ಯವಂತೆ. ನನಗಿನ್ನೂ ಆ ಧೈರ್ಯ ಬಂದಿಲ್ಲ."

"ಬೇರೆ ಹುಡುಕ್ತೀನಿ," ಎಂದೆ. ತಂತಿಯ ಕವೆ ಕೈಗೆತ್ತಿಕೊಂಡೆ. "ಹಿತ್ತಲಲ್ಲಿ ಎಲ್ಲಾದ್ರೂ…"

"ಎಲ್ಲಾದ್ರೂ ಯಾಕೆ?" ಎಂದರು ಅತ್ತೆ. "ಬಟ್ಟೆ ತಂತಿ ಕೆಳಗೆ ಒಂದಿದೆ, ಸಣ್ಣದು. ಪೈಪ್ ಹಿಂದೆ ಒಂದು ಕರೀದು, ಅದು ಬಲೆ ಕಟ್ಟಲ್ಲ, ಹಾರುತ್ತೆ. ಕಡಿದ ಮರದ ಬುಡದ ಹತ್ರ ಇವತ್ತು ಬೆಳಿಗ್ಗೆ ಒಂದು ಹೊಸದು. ದೊಡ್ಡದು. ನಾನು ಆ ಕಡೆ ಹೋಗಿಲ್ಲ."

ಮಾವ ಬೆರಗಾಗಿ ಹೆಂಡತಿಯನ್ನು ನೋಡಿದರು.

"ಏನು ಹಾಗೆ ನೋಡ್ತೀರಿ? ಹೆದರೋರಿಗೇ ರೀ ಯಾವುದು ಎಲ್ಲಿದೆ ಅಂತ ಗೊತ್ತಿರೋದು."

ಮರದ ಬುಡದ ತುಂಬ ಅಣಬೆ ಎದ್ದಿತ್ತು. ನಿನ್ನೆ ಒಂದೂ ಇರಲಿಲ್ಲ. ಒಂದರ ಹೆಗಲ ಮೇಲೊಂದು ಕೈಯಿಟ್ಟು ಫೋಟೋಗೆ ನಿಂತ ಸಂಸಾರದ ಹಾಗೆ ನಲವತ್ತೋ ಐವತ್ತೋ ಕಂದು ಟೋಪಿಗಳು. ಅವುಗಳಲ್ಲೊಂದು ಇಟ್ಟಿಗೆಯ ಚೂರನ್ನು ತಲೆಯ ಮೇಲೆ ಎತ್ತಿ ಹಿಡಿದಿತ್ತು. ಮುಟ್ಟಿದರೆ ಮುರಿಯುವಂಥದ್ದು, ರಾತ್ರಿ ಕಳೆಯುವುದರೊಳಗೆ ಇಟ್ಟಿಗೆ ಎತ್ತಿತ್ತು. ಬಗ್ಗಿ ನೋಡಿದರೆ ಟೋಪಿಯ ಕೆಳಗೆ ಪುಸ್ತಕದ ಹಾಳೆಗಳಂಥ ಪದರ.

"ತಿನ್ನೋದಾ ಇದು?" ಎಂದು ಅತ್ತೆ ಹತ್ತು ಹೆಜ್ಜೆ ದೂರದಿಂದ ಕೇಳಿದರು.

"ಗೊತ್ತಿಲ್ಲ. ಅದಕ್ಕೇ ನೋಡೋದು ಮಾತ್ರ," ಎಂದರು ಮಾವ.

ಎರಡು ಅಣಬೆಗಳ ಅಂಚಿನಿಂದ ಪಕ್ಕದ ಗಿಡಕ್ಕೆ ಬಲೆ ಬಿಗಿದು, ನಡುವೆ ತಲೆಕೆಳಗಾಗಿ ಜೇಡ ಕೂತಿತ್ತು. ಕಿಟಕಿಯದೇ ಇರಬಹುದು, ಬೇರೆಯದೂ ಇರಬಹುದು. ಮಾವ ಹೇಳಿದಂತೆ ಕಡ್ಡಿಯೊಂದನ್ನು ಅದರ ಕಾಲ ಕೆಳಗೆ ತೂರಿಸಿದೆ. ಜೇಡ ಕಡ್ಡಿ ಹತ್ತಿತು. ಕಡ್ಡಿಯನ್ನು ಮೆಲ್ಲಗೆ ತಟ್ಟಿದೆ. ಗೇಣುದ್ದ ಇಳಿದು, ಗಾಳಿಯಲ್ಲಿ ನಿಂತು, ಯೋಚಿಸಿದಂತೆ ಮಾಡಿ, ಎಳೆಯನ್ನು ಕಾಲಲ್ಲಿ ಸುತ್ತಿಕೊಳ್ಳುತ್ತ ವಾಪಸು ಮೇಲೇರಿತು. ಮತ್ತೆ ತಟ್ಟಿದೆ, ಮತ್ತೆ ಏರಿತು.

"ಅವಸರ ಮಾಡ್ಬೇಡ," ಎಂದರು ಮಾವ. "ನಿನ್ನ ಕ್ಲಾಸು ಅವಳಿಗೆ ಗೊತ್ತಿಲ್ಲ."

"ಕ್ಲಾಸು ನಂದು," ಎಂದರು ಮೇಷ್ಟ್ರು. ಆದರೆ ಅವರೂ ಪ್ಯಾಂಟು ಮಡಚಿ ಕುಕ್ಕರಗಾಲಲ್ಲಿ ಕೂತಿದ್ದರು, ಬಾಯಿ ತುಸು ತೆರೆದಿತ್ತು, ಗಡಿಯಾರ ಕಟ್ಟಿದ ಕೈ ಮೊಣಕಾಲ ಮೇಲೆ ಮರೆತುಹೋಗಿತ್ತು.

ಐದನೇ ಸಲ ಜೇಡ ಮನಸ್ಸು ಮಾಡಿತು. ನೆಲದ ಕಡೆ ಇಳಿಯುತ್ತಲೇ ಹೋಯಿತು. ಎಳೆ ಕಾಣುತ್ತಿರಲಿಲ್ಲ. ಬಿಸಿಲು ತಾಗಿದಾಗ ಅಷ್ಟೇ, ಗಾಳಿಯಲ್ಲಿ ಯಾರೋ ಗೀರಿ ಅಳಿಸಿದಂತೆ. ನಾನು ಕವೆಯನ್ನು ತಿರುಗಿಸುತ್ತ ಹೋದೆ. ಅದು ನೂಲಿದಷ್ಟು ನಾನು ಸುತ್ತಿದೆ. ನಾನು ನಿಧಾನಿಸಿದಾಗ ಅದೂ ತಡೆಯಿತು. ಇಷ್ಟು ಸಣ್ಣ ಮೈಯೊಳಗಿಂದ ಇಷ್ಟುದ್ದದ, ಇಷ್ಟು ಸಮನಾದ ದಾರ, ಯಾವ ಗಿರಣಿಯೂ ತೆಗೆಯದಂಥದ್ದು. ಹನ್ನೊಂದು ಸುತ್ತು ಬಂದ ಮೇಲೆ ಎಳೆ ಕತ್ತರಿಸಿ, ಜೇಡವನ್ನು ಅಣಬೆಗಳ ನಡುವೆ ಬಿಟ್ಟೆ.

ಒಳಗೆ ಮೇಜಿನ ಮುಂದೆ ಕೂತಾಗ ಬೆನ್ನ ಹಿಂದೆ ಮೂವರೂ ನಿಂತಿದ್ದರು. ಮೊದಲ ಎಳೆ ಚಿಮುಟಕ್ಕೆ ಸಿಕ್ಕಿ ಹರಿಯಿತು. ಎರಡನೆಯದು ನನ್ನ ಉಸಿರಿಗೇ ಹಾರಿಹೋಯಿತು. ಆಮೇಲೆ ಉಸಿರು ಬಿಗಿಹಿಡಿದೆ. ಅಡ್ಡ ಎಳೆ ಕೂತಿತು. ಅರಗು. ಉದ್ದದ್ದು ಜಾರಿತು, ಇನ್ನೊಂದು ತೆಗೆದುಕೊಂಡೆ. ಕೂತಿತು. ಅರಗು ಒಣಗಿದ ಮೇಲೆ ಉಂಗುರವನ್ನು ದುರ್ಬೀನಿನೊಳಗೆ ಕೂರಿಸಿ ತಿರುಪು ಬಿಗಿದೆ.

ಮೇಷ್ಟ್ರು ದುರ್ಬೀನನ್ನು ದೂರದ ನೀರಿನ ಟ್ಯಾಂಕಿನ ಕಡೆ ತಿರುಗಿಸಿದರು. ಏಣಿಯ ಮೆಟ್ಟಿಲು ಒಂದೊಂದೇ ಎಣಿಸುತ್ತಿರಬೇಕು, ತುಟಿ ಅಲ್ಲಾಡುತ್ತಿತ್ತು. "ಮೆಟ್ಟಿಲಿನ ಮೇಲೆ ಮೊಳೆ ಕಾಣ್ತಿದೆ," ಎಂದರು. "ಮೊಳೆ ಮೇಲೆ ಗೆರೆ."

ಮಾವನೂ ಬಗ್ಗಿದರು. ತಿರುಪನ್ನು ಹಿಂದೆ ಮುಂದೆ ತಿರುಗಿಸಿದರು. ಬಹಳ ಹೊತ್ತು. "ನಂಗೆ ಎಳೆ ಕಾಣ್ತಾನೇ ಇಲ್ಲ," ಎಂದು ನೆಟ್ಟಗಾದರು. "ಅಷ್ಟು ಶುದ್ಧವಾಗಿದೆ ಅಂತ ಲೆಕ್ಕ."

ಮೇಷ್ಟ್ರು ದುರ್ಬೀನನ್ನು ಪೆಟ್ಟಿಗೆಗೆ ಹಾಕಿ, ಹೊರಟವರು ನಿಂತರು. "ಇನ್ನೊಂದು ಇದೆ, ಬೀರುವಿನಲ್ಲಿ. ಎಳೆ ಸಡಿಲ ಬಿದ್ದಿದೆ. ಯಾವಾಗ ತರ್ಲಿ?" ಎಂದು ಮಾವನನ್ನು ಕೇಳಿದರು.

ಮಾವ ಕೈ ತೊಳೆಯಲು ನಲ್ಲಿಯತ್ತ ನಡೆದಿದ್ದರು. "ನನ್ನ ಯಾಕೆ ಕೇಳ್ತೀರಿ? ಮೇಜು ಅವಳದು," ಎಂದು ತಿರುಗದೆ ಹೇಳಿದರು.

ಮೇಷ್ಟ್ರು ನನ್ನತ್ತ ತಿರುಗಿದರು. ನಾನು ಕಿಟಕಿಯಿಂದ ಮರದ ಬುಡದ ಕಡೆ ನೋಡಿದೆ.

"ನಾಳೆ ಬೇಡ, ಮೇಷ್ಟ್ರೇ," ಎಂದೆ. "ಇವತ್ತು ತುಂಬಾ ನೂಲಿದಾಳೆ. ಬಲೆ ಸರಿ ಮಾಡ್ಕೊಂಡು ಏನಾದ್ರೂ ತಿನ್ಲಿ. ಗುರುವಾರ ತನ್ನಿ."

ಅವರು ಜೇಬಿನಿಂದ ಡೈರಿ ತೆಗೆದು, ಗುರುವಾರದ ಹಾಳೆ ಹುಡುಕಿ, ಗಂಭೀರವಾಗಿ ಬರೆದುಕೊಂಡರು.