ಮೋಟರ್ ಬಿಟ್ಟು ಬಂದ ಕೆಂಚಮ್ಮ

ತಾವರೆಕೆರೆಯ ಕೆಂಚಮ್ಮ ಅಕ್ಕನ ಮನೆಯಲ್ಲಿ ಒಂದು ರಾತ್ರಿಯೂ ಉಳಿದವಳಲ್ಲ. ಅಕ್ಕ ಜಗದಾಂಬ ಇದ್ದದ್ದು ನಾಗಲಮಡಿಕೆಯಲ್ಲಿ. ಹಬ್ಬವಿರಲಿ, ಮದುವೆಯಿರಲಿ, ಉಂಡು ಕೈ ಒರೆಸಿಕೊಳ್ಳುತ್ತಲೇ ಕೆಂಚಮ್ಮ ಬಸ್ಸಿಗೆ ಓಡುತ್ತಿದ್ದಳು. ಹೊಲಕ್ಕೆ ಕರೆಂಟು ಯಾವಾಗ ಬರುತ್ತದೋ ಹೇಳುವಂತಿರಲಿಲ್ಲ. ಬಂದಾಗ ಮೋಟರ್ ಹಾಕಬೇಕು, ಬೋರಿನಲ್ಲಿ ನೀರು ಇಳಿದ ಕೂಡಲೇ ಆರಿಸಬೇಕು, ಇಲ್ಲದಿದ್ದರೆ ಸುಟ್ಟುಹೋಗುತ್ತದೆ. ಫೋನಿನಿಂದ ನಡೆಸುವ ಸ್ಟಾರ್ಟರ್ ಹಾಕಿಸಿದ್ದಳು ನಿಜ; ನೆಟ್‌ವರ್ಕ್ ಹೋದರೆ ಅದು ಸುಮ್ಮನೆ ಕೂರುತ್ತಿತ್ತು.

ಈಗ ಅಕ್ಕನ ಮೊಮ್ಮಗಳಿಗೆ ನಾಮಕರಣ. ಕೆಂಚಮ್ಮನ ಸೊಸೆ ಆಶಾರಾಣಿ ಶಿರಾದ ಮೋಟರ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಹೊರಡುವ ಮುನ್ನ ಸ್ಟಾರ್ಟರ್ ಪೆಟ್ಟಿಗೆ ಬಿಚ್ಚಿ, ಹಳೆಯ ಸಿಮ್ ತೆಗೆದು ಹೊಸ ಬಗೆಯ ಸಿಮ್ ಒಂದನ್ನು ಕೂರಿಸಿದಳು.

“ಇದ್ರೊಳಗೇ ಪುಟ್ಟ ಕಂಪ್ಯೂಟರ್ ಐತೆ ಅತ್ತೆ. ಟವರ್ ಇಲ್ದಿದ್ರೂ ತಾನೇ ಯೋಚ್ನೆ ಮಾಡಿ ಮೋಟರ್ ಹಾಕ್ತದೆ, ಆರಿಸ್ತದೆ. ಟವರ್ ಬಂದ್ಮೇಲೆ ನಡೆದಿದ್ದೆಲ್ಲ ಹೇಳ್ತದೆ.”

“ಉಗುರಷ್ಟೂ ಇಲ್ಲ! ಇದಕ್ಕೆ ನನ್ ಹೊಲ ಒಪ್ಪಿಸ್ಬುಟ್ಟು ಹೋಗ್ಲಾ?” ಎಂದಳು ಕೆಂಚಮ್ಮ. ಆದರೂ ಸೊಸೆಯ ಜೊತೆ ಹೊರಟಳು.

ನಾಮಕರಣ ಮುಗಿದು ಎಲೆಗೆ ಒಬ್ಬಟ್ಟು ಬಡಿಸುವಾಗ ಆಶಾರಾಣಿಯ ಫೋನಿಗೆ ಸಂದೇಶ ಬಂತು: ಹೊಲದ ಪೆಟ್ಟಿಗೆಯ ಸಂಪರ್ಕ ಕಡಿದಿದೆ. ತಾವರೆಕೆರೆಯ ಟವರೇ ಕೆಟ್ಟಿತ್ತು. ಅಲ್ಲಿ ಯಾರಿಗೂ ಫೋನ್ ಹೋಗಲಿಲ್ಲ.

ಕೆಂಚಮ್ಮ ಅರ್ಧ ಊಟಕ್ಕೇ ಎದ್ದಳು. “ಹೂ ಬಿಟ್ಟಿರೋ ಕಡ್ಲೆಕಾಯಿ ಕಣಮ್ಮ, ಈಗ ನೀರು ತಪ್ಪಂಗಿಲ್ಲ. ನಾನ್ ಹೋಯ್ತೀನಿ.”

ಜಗದಾಂಬ ಭುಜ ಹಿಡಿದು ಮತ್ತೆ ಕೂರಿಸಿದಳು. “ಕೂಚೋವೇ ಚೆಲ್ಲಿ!” ಎಂದು ಆ ಕಡೆಯ ತೆಲುಗಿನಲ್ಲೇ ತಂಗಿಯನ್ನು ಗದರಿದಳು. “ ಯಾವಾಗ್ಲೂ ಇದೇ ಆಯ್ತು ನಿಂದು. ನಿನ್ ತಂಗಿ ಎಲ್ಲಿ ಅಂತ ಯಾರಾದ್ರೂ ಕೇಳಿದ್ರೆ, ಬಸ್‌ಸ್ಟ್ಯಾಂಡಲ್ಲಿ ನೋಡ್ಕಳ್ಳಿ ಅನ್ನಂಗಾಗೈತೆ ನನಗೆ.”

ಆಶಾರಾಣಿಗೂ ಒಳಗೊಳಗೇ ಅಳುಕು. ಅಂಗಡಿಯಲ್ಲಿ ಪರೀಕ್ಷೆ ಮಾಡಿದ್ದಳು, ಸರಿ. ಹೊಲದಲ್ಲಿ, ಟವರೇ ಇಲ್ಲದಾಗ ಅದು ಹೇಗೆ ನಡೆದುಕೊಳ್ಳುತ್ತದೋ ಅವಳೂ ಕಂಡಿರಲಿಲ್ಲ.

“ಸಂಜೆ ಬಸ್‌ವರೆಗೂ ನೋಡಣ ಅತ್ತೆ. ಏನೂ ತಿಳೀದಿದ್ರೆ ನಾನೇ ಕರ್ಕೊಂಡೋಯ್ತೀನಿ.”

ಕೆಂಚಮ್ಮ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡೇ ಕೂತಳು. ಮಗುವನ್ನು ಎತ್ತಿಕೊಟ್ಟರೂ ಅವಳ ಕಣ್ಣು ಸೊಸೆಯ ಫೋನಿನ ಮೇಲೇ. ಬಸ್ಸಿನ ಹೊತ್ತು ಹತ್ತಿರವಾಗಿ ಚಪ್ಪಲಿ ಮೆಟ್ಟಿದಳು. ಆಗ ಫೋನು ಟಿಂಗ್ ಟಿಂಗ್ ಎಂದು ಒಂದೇ ಸಮನೆ ಬಡಿದುಕೊಂಡಿತು. ಆಶಾರಾಣಿ ಗಟ್ಟಿಯಾಗಿ ಓದಿದಳು:

“ಕರೆಂಟ್ ಬಂದಿದೆ, ಮೋಟರ್ ಆನ್. ನೀರು ಇಳಿದಿದೆ, ಮೋಟರ್ ಆಫ್. ನೀರು ಏರಿದೆ, ಮತ್ತೆ ಆನ್. ಕರೆಂಟ್ ಹೋಗಿದೆ.”

ಮನೆಮಂದಿಯೆಲ್ಲ ಸುತ್ತ ನೆರೆದಿದ್ದರು.

“ನೀರು ಇಳಿದಾಗ ತಾನೇ ಆರಿಸ್ತಾ? ಯಾರೂ ಹೇಳ್ದೇನೇ?”

“ಯಾರೂ ಹೇಳ್ದೇನೇ ಅತ್ತೆ.”

“ಇನ್ನೊಂದ್ಸಲ ಓದು.”

ಓದಿದಳು. ಕೆಂಚಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಗು ತಡೆಯಲಾಗದೆ ಗೋಡೆ ಹಿಡಿದಳು. “ನಾನಿದ್ದಿದ್ರೂ ಇಂಗೇ ಮಾಡ್ತಿದ್ದೆ ಕಣಮ್ಮ!” ಎಂದು ಸೊಸೆಯ ಎರಡೂ ಕೆನ್ನೆ ನೇವರಿಸಿ ನೆಟಿಕೆ ಮುರಿದಳು. ಆಶಾರಾಣಿಯ ಕಣ್ಣು ತುಂಬಿ ಬಂತು.

ಜಗದಾಂಬ ತಂಗಿಯ ಬ್ಯಾಗು ಕಿತ್ತುಕೊಂಡು ಅಟ್ಟದ ಮೇಲಿಟ್ಟಳು. ಬಸ್ಸು ಹಾರನ್ ಹೊಡೆದು ಹೋಯಿತು. ಯಾರೂ ತಿರುಗಿ ನೋಡಲಿಲ್ಲ.

ಬಿಸಿಲು ಇಳಿದ ಮೇಲೆ ಅಕ್ಕತಂಗಿಯರು ಪಿನಾಕಿನಿ ನದಿಗೆ ಹೋದರು. ಆ ವರ್ಷ ನದಿಯಲ್ಲಿ ನೀರಿತ್ತು. ಇಬ್ಬರೂ ಸೀರೆ ಎತ್ತಿಕಟ್ಟಿ, ಕೈಕೈ ಹಿಡಿದು ಇಳಿದರು. ಜಗದಾಂಬ ಒಂದು ಬೊಗಸೆ ನೀರನ್ನು ತಂಗಿಯ ಮುಖಕ್ಕೆ ಎರಚಿದಳು.